ನಮ್ಮ ಮನೆಯ ಗೃಹಚಾರ

ಬುಧವಾರ ಸಂಜೆ ಅವಳು ಒಂದು ಹಾಳೆ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. "ಅಕ್ಕಾ, ಕಾಗುಣಿತ ನೋಡ್ತೀಯಾ?"

ದಿನವೂ ಕೇಳುವ ಸಹಾಯವೇ. ನಮ್ಮ ಭಾಷೆ ಕಲಿಯಲೆಂದು ಎರಡು ವಿಮಾನ, ಒಂದು ರೈಲು ಬದಲಾಯಿಸಿ ಬಂದ ಹುಡುಗಿ. ಒಂಬತ್ತು ತಿಂಗಳ ಕೋರ್ಸು, ಅದರಲ್ಲಿ ಮೂರು ತಿಂಗಳು ನಮ್ಮ ಮನೆಯಲ್ಲೇ ಕಳೆದಿದ್ದವು. ನಾನು ಪೆನ್ಸಿಲ್ ತೆಗೆದುಕೊಂಡು ಓದತೊಡಗಿದೆ. ಹಾಳೆಯ ತಲೆಯ ಮೇಲೆ "ನನ್ನ ಮನೆಯಲ್ಲಿ ಸಿಕ್ಕ ಪದ" ಎಂದಿತ್ತು. ಕೆಳಗೆ ಒಂದೊಂದು ಅಕ್ಷರವನ್ನೂ ತೊಳೆದು ಒಣಗಿಸಿ ಇಟ್ಟ ಹಾಗೆ ಬರೆದಿದ್ದಳು:

"ನನ್ನ ಮನೆಯಲ್ಲಿ ನನಗೆ ಒಂದು ಹೆಸರು ಇದೆ. ಅದು ಗೃಹಚಾರ. ಬೆಳಿಗ್ಗೆ ಅತ್ತೆ ಕೇಳುತ್ತಾರೆ, ಗೃಹಚಾರ ಎದ್ದಿತಾ? ಅಮ್ಮ ಹೇಳುತ್ತಾರೆ, ಗೃಹಚಾರಕ್ಕೆ ಹಾಲು ಎತ್ತಿಡು. ನಾನು ತಡವಾಗಿ ಬಂದರೆ ಅಪ್ಪ ಹೇಳುತ್ತಾರೆ, ಗೃಹಚಾರ ಇನ್ನೂ ಬಂದಿಲ್ಲ. ಅವರು ನನಗೆ 'ಬಂದಳು' ಎನ್ನುವುದಿಲ್ಲ, 'ಬಂತು' ಎನ್ನುತ್ತಾರೆ. ಮಗು ಬಂತು ಎನ್ನುವ ಹಾಗೆ. ಗೃಹ ಎಂದರೆ ಮನೆ. ಸಂಚಾರ ಎಂದರೆ ಓಡಾಟ. ಗೃಹಚಾರ ಎಂದರೆ ಮನೆಯೊಳಗೆ ಓಡಾಡುವವಳು. ಈ ಹೆಸರನ್ನು ಯಾರಿಗೆ ಹೇಳಿದರೂ ಅವರು ನಗುತ್ತಾರೆ. ಇದು ಸಂತೋಷದ ಪದ."

"ಗಕ್ಕೆ ವಟ್ರಸುಳಿ ಸರಿ ತಾನೆ?" ಅವಳು ಬಗ್ಗಿ ಆ ಪದದ ಮೇಲೆ ಬೆರಳಿಟ್ಟಳು. "ಅಥವಾ ಗಕ್ಕೆ ರ ಒತ್ತಾ? ಕೇಳುವಾಗ ಎರಡೂ ಒಂದೇ ಥರ ಕೇಳುತ್ತೆ."

ಅದೇ ಹೊತ್ತಿಗೆ ಹೇಳಬೇಕಿತ್ತು. ರ ಒತ್ತು, ಅದು ಗೃಹ ಅಲ್ಲ, ಗ್ರಹ, ಅಂತ. ಎರಡೇ ಮಾತು. 

"ಸರಿ ಇದೆ," ಎಂದೆ.

ಇದರ ಮೂಲ ನಾನೇ, ಅದಕ್ಕೇ ಇಷ್ಟು ಬೆವರು.

ವಿದೇಶದ ವಿದ್ಯಾರ್ಥಿಗಳನ್ನು ಮನೆಯಲ್ಲಿ ಇರಿಸಿಕೊಳ್ಳಲು ಶುರು ಮಾಡಿ ನಮಗೆ ನಾಲ್ಕು ವರ್ಷ. ಊಟದ ಮೇಜಿಗೆ ಅವರನ್ನೂ ಕೂರಿಸಿಕೊಂಡು ಅವರ ಬಗ್ಗೆಯೇ ಮಾತಾಡಬೇಕಾಗುತ್ತದಲ್ಲ, ನೀರು ಕಾಯಿಸಬೇಕೋ ಬೇಡವೋ, ಹೊದಿಕೆ ಸಾಕೋ ಸಾಲದೋ; ಅದಕ್ಕೆ ಅತ್ತೆ ಒಂದು ಪದ್ಧತಿ ಮಾಡಿದ್ದರು. ಅತ್ತೆ ಎಂದರೆ ಅಪ್ಪನ ಅಕ್ಕ. ಮೂವತ್ತೆರಡು ವರ್ಷ ಶಾಲಾ ಮಕ್ಕಳಿಗೆ ಓಟ, ಕವಾಯತು ಕಲಿಸಿ ನಿವೃತ್ತರಾದವರು, ಈಗ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಾರೆ. ಪ್ರತಿ ವಿದ್ಯಾರ್ಥಿಗೂ ಒಂದು ಗುಟ್ಟಿನ ಹೆಸರು. ಬಾಗಿಲ ಮೇಲ್ಪಟ್ಟಿಗೆ ತಲೆ ತಾಗುತ್ತಿದ್ದವನು ಏಣಿ. ಊಟದ ಮಧ್ಯೆ ನಾಲ್ಕು ಸಲ ಬ್ರೇಕ್ ಕೊಟ್ಟು ಎದ್ದು ಹೋಗಿ ಬರುತ್ತಿದ್ದವಳು ಧಾರಾವಾಹಿ.

ಇವಳು ಬಂದ ದಿನ ಮೂರು ಗಂಟೆಯೊಳಗೆ ಮೂರು ಅನಾಹುತ. ಬಚ್ಚಲಮನೆಯ ಚಿಲಕವನ್ನು ಸ್ವಲ್ಪ ಎತ್ತಿ ಎಳೆಯಬೇಕು. ಅದು ಗೊತ್ತಿಲ್ಲದೆ ಒಳಗೇ ಸಿಕ್ಕಿಕೊಂಡಳು, ಅಪ್ಪ ಹೊರಗಿನಿಂದ ತಿರುಪು ಬಿಚ್ಚಿದರು. ಬಟ್ಟೆ ಒಗೆಯುವ ಯಂತ್ರದ ಕೊಳವೆ ಕಾಲಿಗೆ ತೊಡರಿ ಕಳಚಿಕೊಂಡಿತು, ಅಡುಗೆಮನೆ ಕೆರೆಯಾಯಿತು. ಒರೆಸಿ ಒರೆಸಿ ಸುಸ್ತಾಗಿ ಸೋಫಾದ ಮೇಲೆ ಕೂತವಳು ಅಪ್ಪನ ಕನ್ನಡಕದ ಮೇಲೇ ಕೂತಳು. ಅಪ್ಪ ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವವರು. ಇಡೀ ಊರಿನ ಕಣ್ಣು ಸರಿಮಾಡಿ ಬಂದು ತಮ್ಮದು ಚೂರಾದದ್ದನ್ನು ಕೈಯಲ್ಲಿ ಹಿಡಿದು ನಿಂತಿದ್ದರು.  ಆಗ ನಾನು, ನೆಲ ಒರೆಸುತ್ತ, ಯಾರಿಗೂ ಅಲ್ಲ ಎನ್ನುವಂತೆ ಹೇಳಿದೆ: "ಗ್ರಹಚಾರ ಕೂಡ ಚಪ್ಪಲಿ ಹೊರಗೆ ಬಿಟ್ಟು ಬರುತ್ತೆ ಅಂತ ನಂಗೆ ಗೊತ್ತಿರಲಿಲ್ಲ."

ಅತ್ತೆ ನಕ್ಕು ನಕ್ಕು ಕೆಮ್ಮಿದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಕೂಡ. ನನ್ನ ಇಪ್ಪತ್ತಮೂರು ವರ್ಷದಲ್ಲಿ ನನ್ನೊಂದು ಮಾತಿಗೆ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಎಲ್ಲರೂ ನಗುವುದನ್ನು ಕಂಡು, ಸದ್ಯ, ಯಾರಿಗೂ ಕೋಪವಿಲ್ಲ ಎಂದುಕೊಂಡು ಸೋಫಾದ ಮೇಲಿನ ಹುಡುಗಿಯೂ ನಕ್ಕಳು. ಎರಡು ದಿನ ನಾನು ಆ ನಗುವಿನ ಗುಂಗಿನಲ್ಲೇ ಓಡಾಡಿದೆ. ಹೆಸರು ನಿಂತುಬಿಟ್ಟಿತು.

ಆಮೇಲೆ ಅದರ ಅರ್ಥ ಸವೆದುಹೋಯಿತು, ಅದೂ ನಿಜ. "ಗ್ರಹಚಾರ ಕೊಡೆ ಬಿಟ್ಟು ಹೋಗಿದೆಯಲ್ಲೇ, ನೆನೆಯುತ್ತೆ ಪಾಪ," ಎಂದು ಅಮ್ಮ ಹೇಳುವಾಗ ಅದರಲ್ಲಿ ಬೈಗುಳ ಎಲ್ಲಿತ್ತು? ಆದರೆ ಸವೆದದ್ದು ನಮ್ಮ ಕಿವಿಯಲ್ಲಿ. ಊರಿನವರ ಕಿವಿಯಲ್ಲಿ ಅಲ್ಲವಲ್ಲ.

ಅವಳು ಸ್ನಾನಕ್ಕೆ ಹೋದ ಮೇಲೆ ಅಡುಗೆಮನೆಗೆ ಹೋಗಿ ಹೇಳಿದೆ. ಶನಿವಾರ ಅವರ ಸಂಸ್ಥೆಯಲ್ಲಿ ಸಭೆ, ಮನೆ ಕೊಟ್ಟವರೆಲ್ಲ ಬರುತ್ತಾರೆ, ಪ್ರತಿ ವಿದ್ಯಾರ್ಥಿಯೂ ಐದು ನಿಮಿಷ ಒಂದು ಪದದ ಬಗ್ಗೆ ಮಾತಾಡಬೇಕು, ಇವಳು ಆರಿಸಿಕೊಂಡ ಪದ ಇದು.

ಅಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. "ಬರ್ಕೊಂಡೇ ಬಿಟ್ಟಿದಾಳಾ?"

"ಹೂಂ."

"ನಾನು ಅವತ್ತೇ ಬಡ್ಕೊಂಡೆ," ಎಂದರು ಅತ್ತೆ, "ಪಾರ್ಸೆಲ್ ಅಂತಿಡಿ, ಚಿಕ್ಕದಾಗಿ ಚೊಕ್ಕದಾಗಿರುತ್ತೆ ಅಂತ. ಯಾರು ಕೇಳ್ತಾರೆ ನನ್ನ ಮಾತು?"

"ಅಕ್ಕಾ, ಅವತ್ತು ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ನೀನು," ಎಂದರು ಅಪ್ಪ.

"ನಕ್ಕೆ. ನಗು ಬಂತು, ನಕ್ಕೆ. ಅದಕ್ಕೇನು ಕೇಸು ಹಾಕ್ತೀಯಾ?"

"ಮೇಷ್ಟ್ರು ಇರ್ತಾರಲ್ಲ ಅಲ್ಲಿ," ಎಂದೆ. ಅವರ ವ್ಯಾಕರಣದ ಮೇಷ್ಟ್ರಿಗೆ ವಿದ್ಯಾರ್ಥಿಗಳು ಒತ್ತಕ್ಷರ ಸರ್ ಎಂದು ಹೆಸರಿಟ್ಟಿದ್ದರು. ಯಾರ ಮಾತಿರಲಿ, ಅದರ ಕೆಳಗೆ ಬಂದು ಕೂರುತ್ತಾರೆಂದು. ಅವರು ಪದ ಕೇಳಿದೊಡನೆ ಎದ್ದು ನಿಂತು ಅದರ ಹುಟ್ಟು, ಹರಿವು, ಎಲ್ಲ ಬಿಡಿಸುತ್ತಾರೆ. ನೂರು ಜನರ ಎದುರಿಗೆ, ಮೈಕಿನಲ್ಲಿ. ನನಗೆ ಕಣ್ಣಿಗೆ ಕಟ್ಟಿದಂತಿತ್ತು: ಸಭೆ ಗೊಳ್ಳೆಂದು ನಗುವುದು, ಇವಳೂ ಸಂತೋಷದ ಪದವೆಂದು ಜೊತೆಗೆ ನಗುವುದು, ಆಮೇಲೆ ಮೇಷ್ಟ್ರು ವಿವರಿಸುತ್ತ ಹೋದ ಹಾಗೆ ಅವಳ ಮುಖ ಬದಲಾಗುವುದು.

"ಅವತ್ತೇ ಒಂದು ಫಾರಂ ಬೇರೆ ಕೊಡ್ತಾರಂತೆ," ಎಂದಳು ಅಮ್ಮ ಮೆಲ್ಲಗೆ. "ಉಳಿದ ಆರು ತಿಂಗಳು ಇದೇ ಮನೆಯೋ ಬೇರೆ ಮನೆಯೋ ಅಂತ. ಸೋಮವಾರ ತುಂಬಿ ಕೊಡ್ಬೇಕು." ಒಲೆ ಆರಿಸಿದಳು. "ಹೋಗ್ಬಿಡ್ತಾಳೆ ಕಣೇ. ನಾನಾಗಿದ್ರೂ ಹೋಗ್ತಿದ್ದೆ."

ಮೂವರೂ ನನ್ನನ್ನು ನೋಡಿದರು.

"ನೀನಿಟ್ಟ ಹೆಸರು," ಎಂದರು ಅತ್ತೆ, "ನೀನೇ ಹೇಳು. ಶನಿವಾರದೊಳಗೆ."

ಅವಳು ಹೋಗಿಬಿಡುತ್ತಾಳೆ ಎನ್ನುವುದು ನನಗೆ ಬರೀ ಮನೆಯ ಮರ್ಯಾದೆಯ ಮಾತಾಗಿರಲಿಲ್ಲ. ನಾನು ಮಾತು ಕಡಿಮೆಯವಳು. ಕಾಲೇಜಿನ ಮೂರು ವರ್ಷ ಕೊನೆಯ ಬೆಂಚಿನಲ್ಲಿ ಗೋಡೆಗೆ ಆತು ಕಳೆದೆ, ಈಗ ಗ್ರಂಥಾಲಯದ ಹಿಂಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಪಟ್ಟಿ ಅಂಟಿಸುತ್ತೇನೆ. ಬೆಳಗ್ಗಿನಿಂದ ಸಂಜೆಯವರೆಗೆ ಗೋಂದಿನ ಜೊತೆ. ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಇವಳು ಮಾತ್ರ ಕಾಯುತ್ತಿದ್ದಳು. ಭಾಷೆ ಬಾರದ್ದರಿಂದ ಅವಳಿಗೂ ನಿಧಾನವೇ ಬೇಕಿತ್ತು. ನಾನು ಮಧ್ಯೆ ನಿಲ್ಲಿಸಿದರೆ ಆಮೇಲೆ ಎನ್ನುವಂತೆ ಹುಬ್ಬೇರಿಸಿ ಕೂರುತ್ತಿದ್ದಳು. ಅಷ್ಟು ಹೊತ್ತು ನನ್ನ ಮಾತಿಗೆ ಕಾದವರು ಬೇರೆ ಯಾರೂ ಇರಲಿಲ್ಲ.

ಗುರುವಾರ ಗ್ರಂಥಾಲಯದಲ್ಲಿ ಅಂಟಿಸುವ ಪಟ್ಟಿಯ ಹಿಂದೆ ಹೇಳಬೇಕಾದ ಮಾತನ್ನು ಬರೆದು ನೋಡಿದೆ. "ನಿನಗೊಂದು ವಿಷಯ ಹೇಳಬೇಕು" ಎಂದು ಶುರು ಮಾಡಿದರೆ ಸತ್ತ ಸುದ್ದಿಯ ಹಾಗಾಗುತ್ತದೆ. "ತಮಾಷೆಗೆ" ಎಂದು ಶುರು ಮಾಡಿದರೆ ತಪ್ಪಿಸಿಕೊಳ್ಳುವ ಹಾಗೆ. ನಾಲ್ಕು ಪಟ್ಟಿ ಹಾಳಾಯಿತು. ಐದನೆಯದನ್ನು, ಬರೆದದ್ದು ಕಾಣದ ಹಾಗೆ, ಒಂದು ತೋಟಗಾರಿಕೆಯ ಪುಸ್ತಕದ ಬೆನ್ನಿಗೆ ಅಂಟಿಸಿಬಿಟ್ಟೆ.

ಬರುವ ದಾರಿಯಲ್ಲಿ ಔಷಧಿ ಅಂಗಡಿಯವರು ಕರೆದರು. ಅವರ ಮೀಸೆಯಡಿ ಆಗಲೇ ನಗು ಹೊರಟಿತ್ತು. "ಏನಮ್ಮಾ, ನಿಮ್ಮನೆ ಗ್ರಹಚಾರ ಬಂದು ಕೆಮ್ಮಿಗೆ ಔಷಧಿ ತಗೊಂಡು ಹೋಯ್ತು! ಯಾರು ನೀನು ಅಂತ ಕೇಳಿದ್ರೆ ಎದೆ ಮುಟ್ಕೊಂಡು ಹೇಳುತ್ತೆ, ನಾನು ಮೂಲೆಮನೆಯವರ ಗ್ರಹಚಾರ ಅಂತ. ನಾನು ಅಂದೆ, ನಮ್ಮನೇಲೂ ಒಂದಿದೆ, ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು ಅಂತ." ಒಳಗಿನಿಂದ ಅವರ ಹೆಂಡತಿ ಏನೋ ಬಯ್ದಳು. ನಾನು ನಗುವ ಪ್ರಯತ್ನ ಮಾಡಿದೆ. ಮುಖ ಬಿಸಿಯಾಯಿತು. ಇನ್ನೂ ಯಾರ ಯಾರ ಎದುರು ಎದೆ ಮುಟ್ಟಿಕೊಂಡು ಹೇಳಿದ್ದಾಳೋ!

ಅಪ್ಪ ಒಂದು ಉಪಾಯ ಹೇಳಿಕೊಟ್ಟಿದ್ದರು: ಅದು ಬಹಳ ಹಳೆಯ ಪದ, ಸಭೆಯಲ್ಲಿ ಯಾರಿಗೂ ತಿಳಿಯುವುದಿಲ್ಲ, ಬೇರೆಯದು ಆರಿಸಿಕೋ ಎಂದುಬಿಡು. ನಾನು ಹಾಗೇ ಹೇಳಿದೆ. ಕೇಳಿ ಅವಳ ಕಣ್ಣು ಅರಳಿತು.

"ಹಳೇ ಪದಾನಾ? ಎಷ್ಟು ಹಳೇದು? ಅಕ್ಕಾ, ಇದನ್ನ ಮೊದಲೇ ಹೇಳಬಾರದಾ!" ಎಂದು ಹಾಳೆಯಲ್ಲಿ ಒಂದು ಸಾಲು ಸೇರಿಸಿದಳು. "ಇದು ಬಹಳ ಹಳೆಯ ಪದ. ನನ್ನ ಮನೆಯವರು ಇದನ್ನು ಕಾಪಾಡಿಕೊಂಡು ಬಂದಿದ್ದಾರೆ."

ಅಪ್ಪನಿಗೆ ಹೇಳಿದಾಗ ಅವರು ಹೊಸ ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. "ಇನ್ಮೇಲೆ ನಾನು ಉಪಾಯ ಹೇಳಲ್ಲ," ಎಂದರು.

ಶುಕ್ರವಾರ ಅವಳು ನನ್ನ ಕೈಗೆ ಗಡಿಯಾರ ಕೊಟ್ಟು ಮಂಚದ ಮೇಲೆ ಕೂರಿಸಿ ಐದು ನಿಮಿಷಕ್ಕೆ ಉದ್ದ ಮಾಡಿದ ಭಾಷಣವನ್ನು ಇಡಿಯಾಗಿ ಹೇಳಿ ತೋರಿಸಿದಳು. ಹಾಳೆ ನೋಡದೆ. "ಎಲ್ಲರೂ ಕಾಯುತ್ತಾರೆ" ಎನ್ನುವಲ್ಲಿ ಕೈ ಎದೆಯ ಮೇಲೆ ಬಂತು. ನಾಲ್ಕು ನಿಮಿಷ ಐವತ್ತು ಸೆಕೆಂಡು. ಈಗ, ಈಗ ಎಂದುಕೊಳ್ಳುತ್ತ ನಾನು ಮುಳ್ಳನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಅವಳು ಏದುಸಿರು ಬಿಡುತ್ತ ನನ್ನ ಪಕ್ಕ ಕುಸಿದಳು. "ನಂಗೆ ಭಯ ಆಗುತ್ತೆ ಅಕ್ಕಾ. ನಮ್ಮೂರಲ್ಲೂ ನಾನು ವೇದಿಕೆ ಹತ್ತಿಲ್ಲ. ಆದರೆ ಇದು ನನ್ನ ಪದ ಅಲ್ವಾ, ಇದಾದ್ರೆ ಹೇಳಬಲ್ಲೆ ಅನ್ಸುತ್ತೆ."

ಗಡಿಯಾರ ಹಿಂದಕ್ಕೆ ಕೊಟ್ಟೆ. "ಹತ್ತು ಸೆಕೆಂಡು ಉಳಿದಿದೆ," ಎಂದೆ. ಬಾಯಿಂದ ಬಂದದ್ದು ಅದೊಂದೇ.

ಶನಿವಾರ ಹತ್ತೂವರೆಗೆ ಸಭೆ. ಅವಳು ಎಂಟಕ್ಕೇ ಹೊರಟಳು. ನಾವು ನಾಲ್ವರೂ ಒಂಬತ್ತೂ ಕಾಲಿಗೆ ಸಂಸ್ಥೆಯ ಮೆಟ್ಟಿಲ ಬಳಿ ತಲುಪಿದೆವು. ಅಮ್ಮ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಅಪರಾಧಿಯ ಹಾಗೆ ನಿಂತಿದ್ದಳು.

"ಹೇಳಿದ್ಯಾ?" ಎಂದರು ಅತ್ತೆ.

ನಾನು ತಲೆಯಾಡಿಸಿದೆ, ಇಲ್ಲ ಎಂದು.

"ಸರಿ. ನಾನೇ ಹೋಗಿ ಹೇಳ್ತೀನಿ."

ಅತ್ತೆ ಹೇಳುವುದೆಂದರೆ ಮೂರು ಮಹಡಿಗೂ ಕೇಳುತ್ತದೆ. ನಾನು ಓಡಿದೆ.

ಎರಡನೆಯ ಮಹಡಿಯ ಕೊನೆಯಲ್ಲಿ ಒಂದು ಕಿಟಕಿಯಿಲ್ಲದ ಕೋಣೆ, ಅದರ ತುಂಬ ಜೆರಾಕ್ಸ್ ಯಂತ್ರ. ಅವಳು ಅದರ ಮುಂದೆ ನಿಂತಿದ್ದಳು. ಯಂತ್ರ ಒಂದೊಂದೇ ಹಾಳೆ ಉಗುಳುತ್ತಿತ್ತು, ಪ್ರತಿಯೊಂದರ ತಲೆಯ ಮೇಲೂ ದಪ್ಪ ಅಕ್ಷರದಲ್ಲಿ ಆ ಪದ. "ಎಲ್ಲರಿಗೂ ಒಂದೊಂದು ಕೊಡೋಣ ಅಂತ," ಎಂದಳು ನನ್ನನ್ನು ನೋಡಿ. "ಕೇಳಿದ್ದು ಮರೆತುಹೋಗುತ್ತೆ, ಓದಿದ್ದು ಉಳಿಯುತ್ತೆ."

"ನಿಲ್ಸು," ಎಂದೆ. ನನ್ನ ದನಿ ಯಂತ್ರದ ಸದ್ದಿನಲ್ಲಿ ಮುಳುಗಿತು. "ಏನು?" ಎಂದು ಅವಳು ಕಿವಿ ಮುಂದೆ ತಂದಳು. ಮತ್ತೆ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಬಗ್ಗಿ ಗೋಡೆಯಿಂದ ಪ್ಲಗ್ ಕಿತ್ತೆ.

ಒಂದು ಹಾಳೆ ಅರ್ಧ ಹೊರಗೆ, ಅರ್ಧ ಒಳಗೆ ನಿಂತಿತು.

ಅದರ ಮೇಲೇ, ಅವಳ ಪದದ ಪಕ್ಕದಲ್ಲಿ, ಪೆನ್ಸಿಲಿನಿಂದ ರ ಒತ್ತು ಹಾಕಿ ಅದೇ ಪದವನ್ನು ಇನ್ನೊಮ್ಮೆ ಬರೆದೆ. "ನೀನು ಬರ್ದಿರೋದು ಮನೆ. ನಾವು ಹೇಳೋದು ಇದು. ಗ್ರಹ. ಆಕಾಶದಲ್ಲಿರುತ್ತಲ್ಲ."

"ಆಕಾಶದ್ದಾ!" ಅವಳ ಮುಖ ಇನ್ನಷ್ಟು ಬೆಳಗಿತು. "ನಾನು ಗ್ರಹವಾ?"

ಅಯ್ಯೋ ದೇವರೇ, ಎಂದುಕೊಂಡೆ.

"ಅಲ್ಲ. ಗ್ರಹ ಕೆಟ್ಟ ಜಾಗಕ್ಕೆ ಬಂದ್ರೆ ಮನುಷ್ಯರಿಗೆ ಕೆಟ್ಟದ್ದಾಗುತ್ತೆ ಅಂತಾರೆ. ಹಾಗೆ ಆಗೋ ಕೆಟ್ಟದ್ದಕ್ಕೆ ಗ್ರಹಚಾರ ಅಂತಾರೆ. ದುರದೃಷ್ಟ."

ಆ ಪದ ಅವಳಿಗೆ ಗೊತ್ತಿತ್ತು. ಒಂಬತ್ತನೆಯ ಪಾಠದ್ದು, ನಾನೇ ಹೇಳಿಕೊಟ್ಟಿದ್ದೆ. ಅವಳು ಅದನ್ನು ಸದ್ದಿಲ್ಲದೆ ತುಟಿಯಲ್ಲಿ ಬಿಡಿಸಿ ನೋಡಿದಳು. ದು, ರ, ದೃ, ಷ್ಟ.

"ಯಾರು ಇಟ್ಟಿದ್ದು?"

"ನಾನು."

"ಯಾವಾಗ?"

"ನೀನು ಬಂದ ದಿನ. ಕನ್ನಡಕ..."

"ನಾನೂ ನಕ್ಕೆ," ಎಂದಳು. ಆಮೇಲೆ, ಪರೀಕ್ಷೆಯ ಪ್ರಶ್ನೆ ಕೇಳುವವಳ ಹಾಗೆ: "'ಬಂತು' ಅನ್ನೋದು? ಮಗು ಥರ ಅಲ್ವಾ?"

"ಅಲ್ಲ."

"ಮತ್ತೆ?"

"ವಸ್ತು ಥರ," ಎಂದೆ. ಅಷ್ಟು ಚಿಕ್ಕ ಮಾತನ್ನು ಅಷ್ಟು ಕಷ್ಟಪಟ್ಟು ನಾನು ಎಂದೂ ಆಡಿಲ್ಲ.

"ಔಷಧಿ ಅಂಗಡಿಯವರು ನಕ್ಕಿದ್ದು?"

"ಹೂಂ, ಅದಕ್ಕೇ."

"ಬಸ್ಸಿನ ಕಂಡಕ್ಟರ್?"

"ಹೂಂ."

"ಬೇಕರಿ ಅಮ್ಮ? ಕೂದಲು ಕತ್ತರಿಸೋ ಅಕ್ಕ? ಅವರು ನನ್ನ ತಲೆ ಸವರಿದರು."

"ಅವರೂ."

ಅವಳು ಒಬ್ಬೊಬ್ಬರನ್ನೇ ನೆನಪಿನಿಂದ ಹೊರತೆಗೆದು ನನ್ನ ಮುಂದೆ ಇಡುತ್ತಿದ್ದಳು, ನಾನು ಒಬ್ಬೊಬ್ಬರ ಮೇಲೂ ಹೂಂ ಎಂದು ಮುದ್ರೆ ಒತ್ತುತ್ತಿದ್ದೆ. ಈಗ ಯಾರೂ ಆ ಅರ್ಥದಲ್ಲಿ ಹೇಳುವುದಿಲ್ಲ, ಪದ ಸವೆದುಹೋಗಿದೆ, ಅಮ್ಮ ನಿನ್ನನ್ನು ನಿಜವಾಗಿಯೂ ಕಾಯುತ್ತಾಳೆ ಎಂದು ಹೇಳಬೇಕೆನಿಸಿತು. ಶುರುವನ್ನೂ ಮಾಡಿದೆ. ಅವಳು ಕೈ ಅಡ್ಡ ಹಿಡಿದಳು. ನನ್ನ ಮಾತು ಮುಗಿಯುವವರೆಗೆ ಅವಳು ಕಾಯದೆ ಇದ್ದದ್ದು ಅದೇ ಮೊದಲು. ಹಾಳೆಗಳನ್ನೆಲ್ಲ ಒಟ್ಟುಮಾಡಿ ಚೀಲಕ್ಕೆ ತುಂಬಿಕೊಂಡು ಹೊರಟುಹೋದಳು.

ಸಭಾಂಗಣದಲ್ಲಿ ನಾವು ಐದನೆಯ ಸಾಲಿನಲ್ಲಿದ್ದೆವು. ಮೊದಲು ಮೂವರು ಮಾತಾಡಿದರು; ಒಬ್ಬ "ಜೋಕಾಲಿ" ಬಗ್ಗೆ, ಒಬ್ಬಳು "ಗಡಿಬಿಡಿ" ಬಗ್ಗೆ, ಮೂರನೆಯವನು ಯಾವುದರ ಬಗ್ಗೆಯೋ. ಪ್ರತಿ ಸಲವೂ ಒತ್ತಕ್ಷರ ಸರ್ ಎದ್ದು ನಿಂತು, ಮೈಕ್ ಹಿಡಿದು, ಪದವನ್ನು ಸಿಪ್ಪೆ ಸುಲಿದು ಬೀಜ ತೆಗೆದು ತೋರಿಸಿದರು. ಅಮ್ಮ ನನ್ನ ಮೊಣಕೈ ಹಿಡಿದುಕೊಂಡೇ ಇದ್ದಳು. "ನೀನು ಹೇಳಿದ್ದಕ್ಕೆ ಏನಂದ್ಲು? ಏನಂದ್ಲು ಹೇಳೇ," ಎಂದು ಅತ್ತೆ ತಮ್ಮ ಮಟ್ಟಿಗೆ ಪಿಸುಗುಟ್ಟಿದರು, ಮುಂದಿನ ಸಾಲಿನವರು ತಿರುಗಿ ನೋಡಿದರು.

ನಾಲ್ಕನೆಯವಳಾಗಿ ಅವಳು ಹತ್ತಿದಳು. ಕೈಯಲ್ಲಿ ಹಾಳೆ ಇರಲಿಲ್ಲ. ಮೈಕಿನ ಮುಂದೆ ಎಷ್ಟು ಹೊತ್ತು ಸುಮ್ಮನೆ ನಿಂತಳೆಂದರೆ ಯಾರೋ ಚಪ್ಪಾಳೆ ತಟ್ಟಿ ಧೈರ್ಯ ಹೇಳಿದರು.

"ನಾನು ಒಂದು ಪದ ತಂದಿದ್ದೆ," ಎಂದಳು. "ಅದರ ಕಾಗುಣಿತ ತಪ್ಪಾಗಿತ್ತು. ಇವತ್ತು ಬೆಳಿಗ್ಗೆ ಗೊತ್ತಾಯಿತು. ಇನ್ನೊಂದು ಪದ ಹುಡುಕಲು ನನಗೆ ಸಮಯ ಬೇಕು. ಕ್ಷಮಿಸಿ."

ಒತ್ತಕ್ಷರ ಸರ್ ಎದ್ದೇಬಿಟ್ಟರು. "ಕಾಗುಣಿತ ತಾನೆ? ಅದಕ್ಯಾಕೆ ಹೆದರ್ತೀಯಮ್ಮ. ಯಾವ ಪದ ಹೇಳು, ಇಲ್ಲೇ ತಿದ್ದೋಣ."

ಅವಳು ನಮ್ಮ ಸಾಲಿನ ಕಡೆ ನೋಡಿದಳು. ನನ್ನನ್ನೋ, ಅಮ್ಮನನ್ನೋ ಗೊತ್ತಾಗಲಿಲ್ಲ. ಅಮ್ಮನ ಉಗುರು ನನ್ನ ಮೊಣಕೈಯಲ್ಲಿ ಇಳಿಯಿತು. ಈಗ ಅವಳು ಆ ಪದ ಹೇಳಿದರೆ ನ್ಯಾಯವೇ, ಎಂದುಕೊಂಡೆ. ಯಾರ ಮನೆಯದೆಂದು ಬೆರಳು ತೋರಿಸಿದರೂ ನ್ಯಾಯವೇ.

"ಮನೇಲೇ ತಿದ್ದಿದಾರೆ ಸರ್," ಎಂದು ಕೆಳಗಿಳಿದಳು.

ಉಳಿದವರು ಏನು ಮಾತಾಡಿದರೋ ನನಗೆ ಒಂದೂ ಕೇಳಿಸಲಿಲ್ಲ. ಕೊನೆಯಲ್ಲಿ ಸಂಯೋಜಕಿ ಮೇಜಿನ ಬಳಿ ನಿಂತು ವಿದ್ಯಾರ್ಥಿಗಳಿಗೆ ಒಂದೊಂದು ಹಳದಿ ಫಾರಂ ಕೊಟ್ಟರು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ತನ್ನ ತರಗತಿಯವರ ಜೊತೆ ಹೋದಳು. ಸಂಜೆ ಮನೆಗೆ ಬಂದು, "ಊಟ ಆಗಿದೆ," ಎಂದು ಕೋಣೆಯ ಬಾಗಿಲು ಹಾಕಿಕೊಂಡಳು.

ಭಾನುವಾರ ನಮ್ಮ ಮನೆಗೆ ಮಾತೇ ಮರೆತುಹೋಗಿತ್ತು. ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಟ್ಟುಕೊಂಡು ಕೂತಿದ್ದೆವು. ಅತ್ತೆ ಬಾಯಿ ತೆಗೆದರು: "ಅದು..." ತಡೆದರು. "ಅವಳು..." ಅದೂ ಸರಿ ಕಾಣಲಿಲ್ಲ. "ಅವರು ತಿಂಡಿಗೆ ಬರ್ತಾರಂತಾ?" ಹತ್ತೊಂಬತ್ತು ವರ್ಷದ ಹುಡುಗಿಗೆ ಅತ್ತೆ ಬಹುವಚನ ಹಾಕಿದ್ದು ಕೇಳಿ ಬೇರೆ ದಿನವಾಗಿದ್ದರೆ ಅಪ್ಪ ಹೊರಳಾಡಿ ನಗುತ್ತಿದ್ದರು. ಅಪ್ಪ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಲೇ ಇದ್ದರು, ಅದು ಹರಿಯುವವರೆಗೆ.

"ಹೋಗಿ ಕರಿಯೇ," ಎಂದಳು ಅಮ್ಮ ನನಗೆ.

"ಏನಂತ ಕರೀಲಿ?"

 ಅವಳಿಗೆ ಒಂದು ಹೆಸರಿದೆ, ಅವಳ ತಾಯಿ ತಂದೆ ಇಟ್ಟದ್ದು. ಮೂರು ತಿಂಗಳಲ್ಲಿ ಅದನ್ನು ಈ ಮನೆಯಲ್ಲಿ ಒಬ್ಬರೂ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳಿಗೆ ಹೇಳುವಾಗ "ಬಾಮ್ಮ, ಕೂತ್ಕೋಮ್ಮ", ಅವಳ ಬಗ್ಗೆ ಹೇಳುವಾಗ ಅದು.

ಸಂಸ್ಥೆಯವರ ಪತ್ರ ಹುಡುಕಿ ತೆಗೆದೆ. ಹೆಸರು ಓದಿದೆ. ಮೂರು ವ್ಯಂಜನ ಸ್ವರವೇ ಇಲ್ಲದೆ ಒಂದರ ಮೇಲೊಂದು ಬಿದ್ದಿದ್ದವು, ನಡುವೆ ನಮ್ಮ ವರ್ಣಮಾಲೆಯಲ್ಲಿಲ್ಲದ ಒಂದು ಸದ್ದು. ಅವಳು ಬಂದ ಮೊದಲ ದಿನ ಹೇಳಿದ್ದು ಕಿವಿಯಲ್ಲಿ ಅರೆಬರೆ ಉಳಿದಿತ್ತು. ಗಂಟಲಿನ ಹಿಂದಿನಿಂದ ಎತ್ತಿ ಹಲ್ಲಿನ ಸಂದಿಯಲ್ಲಿ ಬಿಡಬೇಕು. ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ. ಇಪ್ಪತ್ತು ಸಲ, ಮೂವತ್ತು ಸಲ. ಅತ್ತೆ ಬಾಗಿಲು ಬಡಿದರು.

"ಏನೇ, ವಾಂತಿ ಆಗ್ತಿದೆಯಾ?"

"ಇಲ್ಲ ಅತ್ತೆ. ಹೆಸರು ಕಲೀತಿದೀನಿ."

 ಆಮೇಲೆ ಬಾಗಿಲಾಚೆಯಿಂದ, "ಜೋರಾಗಿ ಹೇಳು, ನಾನೂ ಕಲೀತೀನಿ."

ಸೋಮವಾರ ಬೆಳಿಗ್ಗೆ ಏಳೂವರೆಗೆ ಅವಳ ಬಾಗಿಲ ಮುಂದೆ ನಿಂತೆ. ಎಂಟಕ್ಕೆ ಅವಳ ಬಸ್ಸು. ಒಳಗೆ ಚೀಲದ ಜಿಪ್ಪು ಎಳೆಯುವ ಸದ್ದು. ದೊಡ್ಡ ಚೀಲದ್ದೋ ಚಿಕ್ಕ ಚೀಲದ್ದೋ ಎಂದು ಕಿವಿಗೊಟ್ಟು ಕೇಳಿದೆ, ತಿಳಿಯಲಿಲ್ಲ.  ಹೆಸರು ಹಿಡಿದು ಕರೆದೆ.

ಜಿಪ್ಪಿನ ಸದ್ದು ನಿಂತಿತು. "ಅದು ನನ್ನ ಹೆಸರಲ್ಲ," ಎಂದಳು ಒಳಗಿನಿಂದ.

ಮತ್ತೆ ಕರೆದೆ.

"ಅದೂ ಅಲ್ಲ. ಅದು ನಮ್ಮೂರಲ್ಲಿ ಒಂದು ಮೀನು."

ಮೂರನೆಯ ಸಲ ಪೂರ್ತಿ ಉಸಿರೆಳೆದು ಕೂಗಿದೆ. ಅಪ್ಪ ಅರ್ಧ ಗಡ್ಡ ಹೆರೆದ ಮುಖದಲ್ಲಿ ಓಡಿಬಂದರು, ಹಿಂದೆ ಅಮ್ಮ. ನಾನು ಈ ಮನೆಯಲ್ಲಿ ಕೂಗಿದ್ದನ್ನು ಅವರು ಕೇಳಿರಲೇ ಇಲ್ಲ.

ಬಾಗಿಲು ತೆರೆಯಿತು. ಅವಳ ಕಣ್ಣು ಊದಿಕೊಂಡಿತ್ತು. ಹೆಗಲ ಮೇಲೆ ತರಗತಿಯ ಚೀಲ. ಹಿಂದೆ ದೊಡ್ಡ ಸೂಟ್‌ಕೇಸು ಕಪಾಟಿನ ಮೇಲಿನಿಂದ ಇಳಿದು ಮಂಚದ ಮೇಲೆ ತೆರೆದುಕೊಂಡಿತ್ತು, ಒಳಗೆ ಏನೂ ಇರಲಿಲ್ಲ. ಕೈಯಲ್ಲಿ ಹಳದಿ ಫಾರಂ.

"ಎಲ್ಲರೂ ಬಂದಿದೀರಾ," ಎಂದಳು. "ಪೆನ್ ಕೊಡಿ ಯಾರಾದ್ರೂ."

ಗಡ್ಡ ಹೆರೆಯುವಾಗಲೂ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ನನ್ನು ಅಪ್ಪ ತೆಗೆದು ಕೊಟ್ಟರು. ಅವಳು ಫಾರಮ್ಮನ್ನು ಗೋಡೆಗೊತ್ತಿ ಹಿಡಿದು, ನಮಗೆ ಬೆನ್ನು ಹಾಕಿ ಒಂದು ಚೌಕದಲ್ಲಿ ಗುರುತು ಹಾಕಿದಳು. ನಾನು ಇಣುಕಬಾರದೆಂದುಕೊಂಡೆ, ಇಣುಕಿದೆ. ಇದೇ ಮನೆ. ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಸಂತೋಷ ಪಡಬೇಡಿ ಇನ್ನೂ," ಎಂದಳು ಅವಳು ತಿರುಗದೆಯೇ. "ನಂಗೆ ತುಂಬ ಕೋಪ ಇದೆ. ಎಷ್ಟು ದಿನ ಇರುತ್ತೋ ಗೊತ್ತಿಲ್ಲ." ಕೆಳಗೆ ಕಾರಣ ಬರೆಯುವ ಗೆರೆ. ಅಲ್ಲಿ ನಿಧಾನವಾಗಿ ಬರೆದಳು: "ಇನ್ನೂ ಕಲಿಯುವುದು ಇದೆ."

"ಯಾರು ಕಲಿಯೋದು ಅಂತ ಬರೀಬೇಕಲ್ವಾ?" ಎಂದೆ.

"ಬೇಕಾಗಿಲ್ಲ," ಎಂದಳು, ಪೆನ್ನಿನ ಮುಚ್ಚಳ ಹಾಕುತ್ತ. "ನಿಮ್ಮ ಭಾಷೇಲಿ ಕರ್ತೃ ಬಿಟ್ರೂ ನಡೆಯುತ್ತೆ."